ಕ್ಯಾಟಲಾಗಪ್ಪ

ಗೋನೆಗಂಡ್ಲದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬೀಜ-ಗೊಬ್ಬರದ ಅಂಗಡಿ ಇದೆ. ಅಲ್ಲಿ ಹೋಗಿ ಹತ್ತಿಬೀಜ ಕೊಡಿ ಎಂದರೆ ಕೊಡುವುದಿಲ್ಲ. "ಆರುನೂರಾ ಮೂವತ್ತಮೂರು ಪಾಯಿಂಟ್ ಐದು ಒಂದು. ಎಡಗಡಿ ಮೂರನೇ ರ್‍ಯಾಕು. ಹುಡುಕ್ಕ್ಯಾ" ಎಂಬ ಉತ್ತರ ಬರುತ್ತದೆ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ 633.51 ಎಂದರೆ ಹತ್ತಿ. 635.25 ಎಂದರೆ ಈರುಳ್ಳಿ. 632 ಎಂದರೆ ಬೆಳೆಗೆ ಬರುವ ರೋಗ, ಹುಳ ಮುಂತಾದ ನಮ್ಮ ಸೀಮೆಯ ಕಾಯಂ ನೆಂಟರು. ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದವನು 1876ರಲ್ಲಿ ಈ ಪದ್ಧತಿಯನ್ನು ಅಚ್ಚು ಹಾಕಿಸಿದಾಗ, ಕರ್ನೂಲು ಜಿಲ್ಲೆಯ ಅಂಗಡಿಯವನೊಬ್ಬ ಅದನ್ನು ಔಷಧಿ ಡಬ್ಬಿಗಳ ರ್‍ಯಾಕಿಗೆ ಬಿಳಿ ಬಣ್ಣದಲ್ಲಿ ಬರೆಸಿಯಾನು ಎಂದು ಕನಸಿನಲ್ಲೂ ಎಣಿಸಿರಲಾರ. ರೈತರು ಕನ್ನಡದಲ್ಲಿ ಅರ್ಧ, ತೆಲುಗಿನಲ್ಲಿ ಅರ್ಧ ಬೈಯುತ್ತಾರೆ. ಬೈಯುತ್ತಲೇ ಹುಡುಕಿ ತರುತ್ತಾರೆ. ಉದ್ರಿ ಕೊಡುವ ಅಂಗಡಿಯವನನ್ನು ಅದಕ್ಕಿಂತ ಹೆಚ್ಚು ಬೈಯಲಿಕ್ಕೆ ಬರುವುದಿಲ್ಲ.

ಈ ಮಹಾನುಭಾವನನ್ನು ನಾನು ಸುಮಾರು ಮೂವತ್ತು ವರ್ಷದಿಂದ ಬಲ್ಲೆ. ಅವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಅದು ಅವನ ಪಾಸ್‌ಬುಕ್ಕಿಗೆ ಮಾತ್ರ ಗೊತ್ತು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನಾವು ಇಟ್ಟ ಹೆಸರು ಕ್ಯಾಟಲಾಗಪ್ಪ. ನಮ್ಮ ಕಡೆ ಯಾವ ಪದಕ್ಕಾದರೂ ಅಪ್ಪ ಹಚ್ಚಿದರೆ ಅದು ಮನುಷ್ಯನಾಗುತ್ತದೆ.

ನೀವು ಯಾವುದೇ ವಿಶ್ವವಿದ್ಯಾಲಯದಲ್ಲಿ ಓದಿದ್ದರೂ ಇಂಥ ಒಬ್ಬನನ್ನು ಕಂಡಿರುತ್ತೀರಿ. ಗ್ರಂಥಾಲಯದಲ್ಲಿ ಸರಿಯಾಗಿ ತಿರುಗುವ ಫ್ಯಾನು ಒಂದೇ ಇರುತ್ತದೆ. ಅದರ ಕೆಳಗಿನ ಕುರ್ಚಿ ಅವನದು. ಅವನು ಇಲ್ಲದಾಗ ಅವನ ಟವೆಲ್ಲು ಕೂತಿರುತ್ತದೆ. ಅವನು ವಿದ್ಯಾರ್ಥಿಯೋ ಸಿಬ್ಬಂದಿಯೋ ಎಂಬುದು ಬಾಗಿಲ ಬಳಿಯ ವಾಚ್‌ಮನ್ನನಿಗೂ ಬಗೆಹರಿದಿರುವುದಿಲ್ಲ. ಪಿಎಚ್.ಡಿ.ಗೆ ನೋಂದಣಿಯಾದ ವರ್ಷ ಕೇಳಿದರೆ ಮಾತು ತಿರುಗಿಸುತ್ತಾನೆ. ಯಾವ ಕಪಾಟಿನ ಬೀಗದ ಕೈ ಯಾವ ಅಟೆಂಡರಿನ ಸೊಂಟದಲ್ಲಿದೆ, ಯಾವ ಜೆರಾಕ್ಸ್ ಮಷೀನಿನಲ್ಲಿ ಅಂಚು ಕಪ್ಪಾಗುತ್ತದೆ, ಯಾವ ಬೌಂಡ್ ವಾಲ್ಯೂಮಿನಲ್ಲಿ ಯಾವ ತಿಂಗಳ ಸಂಚಿಕೆ ಹಾರಿಹೋಗಿದೆ, ಎಲ್ಲವೂ ಅವನ ನಾಲಗೆಯ ತುದಿಯಲ್ಲಿ. ಸಾವಿರಾರು ಪುಸ್ತಕಗಳ ಜಾಗ ಬಲ್ಲ. ಅದರಲ್ಲೊಂದನ್ನಾದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದನ್ನು ನಾನಂತೂ ನೋಡಿಲ್ಲ. ಮದುವೆಮನೆಯಲ್ಲಿ ಬಡಿಸುವವನ ಎಲೆ ಖಾಲಿ ಇರುವ ಹಾಗೆ.

1996ರಲ್ಲಿ ನಾನು ಎಂ.ಎ.ಗೆ ಹೊರಟಾಗ ನಮ್ಮಪ್ಪನ ಧೈರ್ಯವೆಲ್ಲ ಈ ಮನುಷ್ಯನ ಮೇಲೆಯೇ ನಿಂತಿತ್ತು. "ಆತ ಅದಾನಲ್ಲ, ಎಲ್ಲಾ ತೋರಿಸ್ತಾನ" ಎಂದರು. ಆದೋನಿ ಕಡೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿತು, ತೆಲುಗಿನಲ್ಲಿ ಅರ್ಜಿ ಗೀಚಿ, ಗಡಿನಾಡು ಕನ್ನಡಿಗ ಎಂಬ ಸರ್ಟಿಫಿಕೇಟು ಬಗಲಲ್ಲಿಟ್ಟುಕೊಂಡು, ಎಮ್ಮಿಗನೂರಿನ ಮೇಲೆ ಆದೋನಿಗೆ ಬಸ್ಸು, ಅಲ್ಲಿಂದ ಗುಂತಕಲ್ಲಿಗೆ ರೈಲು, ಗುಂತಕಲ್ಲಿನಿಂದ ಬಳ್ಳಾರಿ ಕಡೆಗೆ ಇನ್ನೊಂದು ರೈಲು ಹಿಡಿದು ನಾನು ಕರ್ನಾಟಕದ ಆ ವಿಶ್ವವಿದ್ಯಾಲಯ ಸೇರಿದೆ. ಹೆಸರು ಬೇಡ. ಊರಿನ ಮರ್ಯಾದೆಯ ಜೊತೆಗೆ ನನ್ನದೂ ಇದೆ.

ಮರುದಿನ ಬೆಳಿಗ್ಗೆಯೇ ನನ್ನ ದೀಕ್ಷೆ ಶುರುವಾಯಿತು. ಬಾಗಿಲಲ್ಲಿ ಚೀಲ ಕೊಟ್ಟು ಟೋಕನ್ ಪಡೆಯುವುದು ಮೊದಲ ಪಾಠ. "ಟೋಕನ್ ಕಳ್ಕೊಂಡ್ರ ಚೀಲ ಹೋತು, ಚೀಲ ಹೋದ್ರ ನಿಮ್ಮವ್ವ ಕಟ್ಟಿದ ರೊಟ್ಟಿ ಹೋತು. ತಿಳ್ಕಾ ತಮ್ಮಾ." ರಿಜಿಸ್ಟರಿನಲ್ಲಿ ಸಹಿ ಮಾಡುವುದು ಎರಡನೆಯದು. ಒಳಗೆ ಹೋದರೆ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಸೆಳೆಖಾನೆಗಳ ಕಪಾಟುಗಳು. ನಮ್ಮೂರ ಆಯುರ್ವೇದದ ಅಂಗಡಿ ನೆನಪಾಯಿತು. ಅದರೊಳಗೆ ಕಾರ್ಡುಗಳು. ಒಂದೇ ಪುಸ್ತಕಕ್ಕೆ ಲೇಖಕನ ಹೆಸರಿಗೊಂದು, ಶೀರ್ಷಿಕೆಗೊಂದು, ವಿಷಯಕ್ಕೊಂದು. ಕಾರ್ಡಿನ ಮೂಲೆಯಲ್ಲಿ ಒಂದು ನಂಬರು. ಆ ನಂಬರು ಬರೆದುಕೊಂಡು ರ್‍ಯಾಕಿಗೆ ಹೋಗಬೇಕು.

"ಕನ್ನಡ ಸಾಹಿತ್ಯ 894.814. ತೆಲುಗು 894.827," ಎಂದ ಕ್ಯಾಟಲಾಗಪ್ಪ. ನಡುವೆ ಯಾರಿದ್ದಾರೆ ಎಂದು ಕೇಳಿದೆ. ಗೋಂಡಿಯವರು ಇದ್ದಾರಂತೆ. ನಮ್ಮೂರಲ್ಲಿ ಒಂದೇ ಕಟ್ಟೆಯ ಮೇಲೆ ಕೂತು ಒಂದೇ ಬೀಡಿ ಹಂಚಿಕೊಳ್ಳುವ ಎರಡು ಭಾಷೆಗಳ ನಡುವೆ ಡ್ಯೂಯಿಯ ಮಂದಿ ಇಷ್ಟು ಜಾಗ ಬಿಟ್ಟದ್ದು ಯಾಕೋ ಅಂದು ನನಗೆ ಸರಿಬರಲಿಲ್ಲ. "ಸರಿ ಬರ್ಲಿಕ್ಕೆ ನೀನ್ಯಾರಲೇ?" ಎಂದು ಅವನು ಕೇಳಿದ. ನ್ಯಾಯವಾದ ಪ್ರಶ್ನೆ.

ಅವನ ಮೇಜಿನ ಗಾಜಿನ ಕೆಳಗೆ ಎಸ್.ಆರ್. ರಂಗನಾಥನ್ ಅವರ ಚಿತ್ರವಿತ್ತು. ಮಂತ್ರಾಲಯದ ಪಕ್ಕದವರು ರಾಯರ ಚಿತ್ರ ಇಟ್ಟುಕೊಳ್ಳಬೇಕು. ಇವನಿಗೆ ರಂಗನಾಥನ್ನರೇ ರಾಯರು. ದಿನಕ್ಕೊಮ್ಮೆ ಅವರ ಪುರಾಣ ನಡೆಯುತ್ತಿತ್ತು. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದದ್ದು, ಖಾಲಿ ಹಾಲಿನಲ್ಲಿ ಕೂರಲಾರದೆ ಮೊದಮೊದಲ ದಿನಗಳಲ್ಲೇ ತನ್ನನ್ನು ವಾಪಸು ಪಾಠಕ್ಕೆ ಕಳಿಸಿ ಎಂದು ಕೇಳಿಕೊಂಡದ್ದು, ಲಂಡನ್ನಿನ ಅಂಗಡಿಯಲ್ಲಿ ಮೆಕ್ಯಾನೋ ಎಂಬ ಮಕ್ಕಳ ಆಟಿಗೆಯ ತುಂಡುಗಳನ್ನು ಜೋಡಿಸುವುದನ್ನು ನೋಡಿ ಕೋಲನ್ ವರ್ಗೀಕರಣ ಹೊಳೆದದ್ದು, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರ ಬರೆದದ್ದು, 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿ, ಅಲ್ಲೇ 1972ರಲ್ಲಿ ತೀರಿಕೊಂಡದ್ದು. ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎನ್ನುತ್ತದೆ. ಈ ನಾಲ್ಕನೆಯ ಸೂತ್ರವನ್ನು ವಿವರಿಸಲು ಕ್ಯಾಟಲಾಗಪ್ಪ ನನ್ನ ಜೀವನದ ಒಟ್ಟು ಎಷ್ಟು ಗಂಟೆ ತೆಗೆದುಕೊಂಡಿದ್ದಾನೆಂದು ಲೆಕ್ಕ ಹಾಕಲು ಹೋಗಿ ನಾನು ಒಮ್ಮೆ ಅತ್ತಿದ್ದೇನೆ.

ಈಗ ಬೀಚಿಯ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅದಕ್ಕೆ.

ಹಾಸ್ಯ ಸಾಹಿತ್ಯದ ಮೇಲೆ ಒಂದು ಸೆಮಿನಾರ್ ಪೇಪರ್ ಒಪ್ಪಿಸಬೇಕಿತ್ತು. ಬೀಚಿಯವರ ಒಂದು ಪುಸ್ತಕ ಬೇಕಾಯಿತು. ಬೀಚಿ ಹರಪನಹಳ್ಳಿಯಲ್ಲಿ ಹುಟ್ಟಿದವರು. ಅವರು ಹುಟ್ಟಿದ 1913ರಲ್ಲಿ ಹರಪನಹಳ್ಳಿಯೂ ಆದೋನಿಯೂ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹಾಗಾಗಿ ನಮ್ಮವರೇ. ನಮ್ಮವರ ಪುಸ್ತಕ ಹುಡುಕಲು ಎಷ್ಟು ಹೊತ್ತು ಎಂದುಕೊಂಡು, ಬಿಸಿಲಿನಲ್ಲಿ ಬಂದವನು ನೀರು ಕೇಳುವಷ್ಟು ಸಹಜವಾಗಿ, "ಅಣ್ಣಾ, ಬೀಚಿ ಪುಸ್ತಕ ಎಲ್ಲಿದೆ?" ಎಂದೆ.

ಅವನು ಓದುತ್ತಿದ್ದ ಪೇಪರನ್ನು ನಿಧಾನಕ್ಕೆ ಮಡಿಚಿದ. "ಎಲ್ಲೈತಿ ಅಂತ ಹೇಳಿದ್ರ ಇವತ್ತು ಒಂದು ಪುಸ್ತಕ ಸಿಗತೈತಿ. ಹುಡುಕೋದು ಕಲಿಸಿದ್ರ ಸಾಯೋತನಕ ಸಿಗತಾವ. ಯಾವ್ದು ಬೇಕು?"

ಒಂದು ಪುಸ್ತಕ ಸಾಕು ಎನ್ನುವ ಧೈರ್ಯ ನನಗಿರಲಿಲ್ಲ.

'ಬ' ಸೆಳೆಖಾನೆ ಎಳೆದೆ. ಬೀಚಿ ಸಿಕ್ಕರು. ಕಾರ್ಡಿನಲ್ಲಿ ನಂಬರಿನ ಜಾಗದಲ್ಲಿ "ನೋಡಿ: ಭೀಮಸೇನರಾವ್, ರಾಯಸಂ" ಎಂದಿತ್ತು. ಅದು ಅವರ ನಿಜನಾಮ. "ನೋಡಿದ್ಯಾ? ಇದಕ್ಕ ಅಡ್ಡ ಉಲ್ಲೇಖ ಅಂತಾರ" ಎಂದು ಕ್ಯಾಟಲಾಗಪ್ಪ ಮಗುವಿಗೆ ಚಂದ್ರನನ್ನು ತೋರಿಸುವ ದನಿಯಲ್ಲಿ ಹೇಳಿದ. ಕಾವ್ಯನಾಮಗಳ ನಾಡಿನಲ್ಲಿ ಕ್ಯಾಟಲಾಗರನ ಕಷ್ಟ, ಕುವೆಂಪು ಅವರನ್ನು ಕುವೆಂಪು ಎಂದು ಇಡಬೇಕೋ ಪುಟ್ಟಪ್ಪ ಎಂದು ಇಡಬೇಕೋ ಎಂಬ ಜಿಜ್ಞಾಸೆ, ನಮ್ಮ ಇನಿಷಿಯಲ್ಲುಗಳು ಊರಿನದೋ ಅಪ್ಪನದೋ ಮನೆತನದ್ದೋ ತಿಳಿಯದೆ ಇಂಗ್ಲಿಷರು ಪಟ್ಟ ಪಾಡು, ಇಷ್ಟನ್ನೂ ಕೇಳಿಸಿಕೊಂಡು 'ಭ'ಕ್ಕೆ ಹೋದೆ. ಭೀಮಸೇನರಾವ್ ಅಲ್ಲಿರಲಿಲ್ಲ. "ರಾಯಸಂ ಮನೆತನದ ಹೆಸರಲೇ, 'ರ' ನೋಡು." 'ರ' ನೋಡಿದೆ. ಕಾರ್ಡಿತ್ತು. "ರಾಯಸಂ ಭೀಮಸೇನರಾವ್. ನೋಡಿ: ಬೀಚಿ."

ಅಷ್ಟರಲ್ಲಿ ಗಂಟೆ ಹೊಡೆದರು.

ಮರುದಿನ ಅವನು ನನಗಿಂತ ಮೊದಲೇ ಕಪಾಟಿನ ಮುಂದೆ ನಿಂತಿದ್ದ. ರಾತ್ರಿಯೆಲ್ಲ ಯೋಚಿಸಿದ್ದನಂತೆ. ಬೀಚಿಯವರು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿಯೂ ಮಿಕ್ಕಿದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ ಬರೆದುಕೊಳ್ಳುತ್ತಿದ್ದರಲ್ಲ, ಕ್ಯಾಟಲಾಗು ಮಾಡಿದವನು ಗೊಂದಲಪಟ್ಟು ಇಂಗ್ಲಿಷ್ ವಿಭಾಗಕ್ಕೆ ಸೇರಿಸಿರಬಹುದು. ಇಂಗ್ಲಿಷ್ ಕಪಾಟಿನಲ್ಲಿ ಬಿ ಅಕ್ಷರದ ಖಾನೆಯನ್ನು ಒಂದೊಂದೇ ಕಾರ್ಡು ತಿರುವಿದೆವು. ಅಲ್ಲೂ ಒಂದು ಕಾರ್ಡು ಇತ್ತು. ಕನ್ನಡ ವಿಭಾಗ ನೋಡಿ ಎಂದಿತ್ತು. ಬೀಚಿ ಬದುಕಿದ್ದರೆ ಈ ಮೂರು ಕಾರ್ಡಿನ ಮೇಲೆ ತಿಂಮನ ಬಾಯಲ್ಲಿ ಏನು ಹೇಳಿಸುತ್ತಿದ್ದರೋ. ಕ್ಯಾಟಲಾಗಪ್ಪನ ಮುಖದಲ್ಲಿ ಮಾತ್ರ ನಗುವಿನ ಸುಳಿವಿರಲಿಲ್ಲ. ಶಿಕಾರಿಯ ಹೆಜ್ಜೆ ಸಿಕ್ಕ ಬೇಟೆಗಾರನ ಹಾಗೆ ಅವನ ಕಣ್ಣು ಹೊಳೆಯುತ್ತಿತ್ತು.

ಮೂರನೆಯ ದಿನ ಶೀರ್ಷಿಕೆಯ ಕಾರ್ಡು ಹಿಡಿದೆವು. ನಂಬರು ಸಿಕ್ಕಿತು. 894.8147. ಕನ್ನಡದ ಬೆನ್ನಿಗೆ ಏಳು ಹಚ್ಚಿದರೆ ಹಾಸ್ಯ. ಓಡಿದೆ. ರ್‍ಯಾಕಿನಲ್ಲಿ ಸುತ್ತೆಲ್ಲ ಧೂಳು, ನಡುವೆ ಒಂದು ಪುಸ್ತಕದಷ್ಟಗಲ ಸ್ವಚ್ಛ ಜಾಗ.

ಹಸಿವು, ಅವಮಾನ ಎರಡೂ ಆಗಿ ಅವನ ಮೇಜಿಗೆ ಬಂದು ಕುಸಿದು ಕೂತೆ. ಅವನು ಮರುಕದಿಂದ, "ಊಟ ಮಾಡು ಬಾ" ಎಂದು ಟಿಫಿನ್ ಡಬ್ಬಿ ಎತ್ತಿದ. ಡಬ್ಬಿಯ ಕೆಳಗೆ, ಮೇಜಿಗೆ ಎಣ್ಣೆ ತಾಗದಿರಲೆಂದು ಇಟ್ಟಿದ್ದ ಪುಸ್ತಕದ ರಟ್ಟಿನ ಮೇಲೆ ಬೀಚಿಯವರ ಹೆಸರಿತ್ತು. ಮೂರು ದಿನದಿಂದ ಅಲ್ಲೇ ಇತ್ತಂತೆ.

"ಅಣ್ಣಾ!" ಎಂದೆ. ಬೇರೆ ಶಬ್ದಗಳೂ ಬಾಯಿಗೆ ಬಂದಿದ್ದವು.

"ಹೆಂಗ ಹುಡುಕೋದು ಅಂತ ನೀನು ಕಲೀತಿದ್ದಿ. ಯಾರ ಹತ್ರ ಐತಿ ಅಂತ ನೀ ಕೇಳಲಿಲ್ಲ," ಎಂದು ಅವನು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿದ. ಆಮೇಲೆ ಸ್ವಲ್ಪ ನಾಚಿಕೆಯಾಯಿತೋ ಏನೋ, ನನ್ನ ಟಿಕೆಟ್ಟುಗಳು ಮುಗಿದಿದ್ದವೆಂದು ತನ್ನದೇ ಟಿಕೆಟ್ಟಿನ ಮೇಲೆ ಅದನ್ನು ಕೊಡಿಸಿದ. ಹಿಂದಿನ ಚೀಟಿಯ ಮೇಲೆ ವಾಪಸಿನ ದಿನಾಂಕದ ಸೀಲು ಬಿತ್ತು. ಆ ದಿನಾಂಕ ನನಗೆ ಇಂದಿಗೂ ಬಾಯಿಪಾಠ. ಕಾರಣ ಮುಂದೆ ಗೊತ್ತಾಗುತ್ತದೆ.

ಅವನ ಮಿಕ್ಕ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪರೀಕ್ಷೆಯ ಕಾಲದಲ್ಲಿ ಎಲ್ಲರೂ ಹುಡುಕುವ ಪುಸ್ತಕಗಳನ್ನು ಪಶುವೈದ್ಯದ ರ್‍ಯಾಕಿನ ಹಿಂದೆ ಬಚ್ಚಿಡುತ್ತಿದ್ದ; ಬಡ ಹುಡುಗರಿಗೆ ಕದ್ದು ತೋರಿಸುತ್ತಿದ್ದ. ಹುಡುಗಿಯರು ಸಹಾಯ ಕೇಳಿದರೆ ನಾಲ್ಕನೆಯ ಸೂತ್ರ ತಟ್ಟನೆ ಜಾರಿಗೆ ಬರುತ್ತಿತ್ತು. ಅಂಚಿನಲ್ಲಿ ಪೆನ್ನಿನಿಂದ ಗೆರೆ ಎಳೆಯುವವರನ್ನು ಕಂಡರೆ ದೇವಸ್ಥಾನದಲ್ಲಿ ಚಪ್ಪಲಿ ಹಾಕಿದವರನ್ನು ಕಂಡಂತೆ ಹಾರಾಡುತ್ತಿದ್ದ. ರೆಫರೆನ್ಸ್ ಪುಸ್ತಕ ಮನೆಗೆ ಯಾಕೆ ಕೊಡುವುದಿಲ್ಲ ಎಂದು ಯಾರಾದರೂ ಜಗಳಕ್ಕೆ ನಿಂತರೆ, "ನಮ್ಮ ಪತ್ತಿಕೊಂಡ ಕಡೆ ಎರ್ರಗುಡಿ ಐತಿ. ಅಲ್ಲಿ ಅಶೋಕ ಬಂಡಿಮ್ಯಾಲೆ ಬರೆಸ್ಯಾನ. ಎರಡು ಸಾವಿರ ವರ್ಷ ಆತು, ಒಬ್ಬನಿಗರ ಇಶ್ಯೂ ಮಾಡ್ಯಾರೇನು? ಅಲ್ಲೇ ನಿಂತು ಓದಬೇಕು," ಎನ್ನುತ್ತಿದ್ದ. ಎರ್ರಗುಡಿಯ ಶಾಸನದಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಓಡುತ್ತವೆ. ಅದೂ ಅವನಿಗೆ ಗೊತ್ತಿತ್ತು. ಅವನ ವಿವರಣೆಗಳೂ ಹಾಗೇ ಓಡುತ್ತಿದ್ದವು.

ಒಂದು ಸಲ ಮಾತ್ರ ಅವನು ನನಗೆ ಭಾಷಣ ಮಾಡಲಿಲ್ಲ.

ಎರಡನೆಯ ವರ್ಷದ ಕಿರುಪ್ರಬಂಧಕ್ಕೆ ನಮ್ಮ ಸೀಮೆಯ ಶಾಸನಗಳನ್ನು ಆರಿಸಿಕೊಂಡಿದ್ದೆ. ಶಾಸನ ಎಂದರೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂದಷ್ಟೇ ಗೊತ್ತಿತ್ತು. ಹನ್ನೆರಡು ಸಂಪುಟ. ವಾರಗಟ್ಟಲೆ ಕೂತು ತಿರುವಿದೆ. ಮೈಸೂರಿದೆ, ಕೋಲಾರವಿದೆ, ಶಿವಮೊಗ್ಗವಿದೆ, ಕೊಡಗಿದೆ. ಆದೋನಿ ಇಲ್ಲ, ಆಲೂರು ಇಲ್ಲ. ಸಹಪಾಠಿಯೊಬ್ಬ ತಮಾಷೆಗೆ, "ನಿಮ್ಮ ಕಡೆ ಕನ್ನಡ ಇತ್ತು ಅನ್ನೋದಕ್ಕೆ ಏನ್ರೀ ದಾಖಲೆ?" ಎಂದ. ತಮಾಷೆಗೇ ಅಂದದ್ದು. ನಾನು ಊಟ ಬಿಟ್ಟೆ.

ಕ್ಯಾಟಲಾಗಪ್ಪ ನನ್ನ ಮುಖ ನೋಡಿ ಏನೂ ಕೇಳದೆ ಎದ್ದ. ಟವೆಲ್ಲನ್ನು ಕುರ್ಚಿಗೆ ಹೊದಿಸಿ, ಒಳಗಿನ ರೆಫರೆನ್ಸ್ ಕೋಣೆಗೆ ಕರೆದೊಯ್ದು, ಮೊಣಕಾಲೂರಿ, ಕೆಳಗಿನ ಅಂಕಣದಿಂದ ಒಂದು ದಪ್ಪ ಪುಸ್ತಕ ಎಳೆದ. ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್, ಒಂಬತ್ತನೆಯ ಸಂಪುಟ, ಮೊದಲ ಭಾಗ, 1939. ಮದರಾಸು ಪ್ರೆಸಿಡೆನ್ಸಿಯ ಕನ್ನಡ ಶಾಸನಗಳು. ಸಂಪಾದಕರಲ್ಲಿ ಒಬ್ಬರು ಆರ್. ಶಾಮಶಾಸ್ತ್ರಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದಾಗ ತಾಳೆಗರಿಯ ಕಟ್ಟಿನೊಳಗಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು. ಪುಟ ತಿರುವಿದರೆ ಆದೋನಿ ತಾಲೂಕು, ಆಲೂರು ತಾಲೂಕು, ಬಳ್ಳಾರಿ ಜಿಲ್ಲೆ. ಸಾಲು ಸಾಲು ಕನ್ನಡ.

"ರೈಸ್ ಸಾಹೇಬ ಮೈಸೂರು ಸರಕಾರದ ಸಂಬಳ ತಗಂಡಾತ. ಆತ ಮೈಸೂರು, ಕೊಡಗು ನೋಡಿದ. ನಾವಾಗ ಮದ್ರಾಸಿನವ್ರು ತಮ್ಮಾ," ಎಂದ. "ಐವತ್ತಮೂರು ಅಕ್ಟೋಬರ್ ಒಂದಕ್ಕ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕ ಹೋದ್ವು, ಬಳ್ಳಾರಿ ಮೈಸೂರಿಗೆ ಬಂತು. ಪುಸ್ತಕ ಅವಕ್ಕ ಮುಂಚಿನವು. ಈಗಿನ ಮ್ಯಾಪು ಇಟ್ಕಂಡು ಹಳೇ ಪುಸ್ತಕ ಹುಡುಕಬ್ಯಾಡ. ಆದೋನಿದು ಬೇಕಂದ್ರ ಬಳ್ಳಾರಿ ಗೆಜೆಟಿಯರ್ ತಗಿ, ಫ್ರಾನ್ಸಿಸ್‌ದು, 1904. ಕರ್ನೂಲಿಂದು ಬೇಕಂದ್ರ ಗೋಪಾಲಕೃಷ್ಣಮ ಚೆಟ್ಟಿ ಮ್ಯಾನ್ಯುಯಲ್, 1886." ಇಷ್ಟೇ ಹೇಳಿ ತನ್ನ ಫ್ಯಾನಿನ ಕೆಳಗೆ ಹೋದ.

ನಾನು ಆ ಕೋಣೆಯ ನೆಲದ ಮೇಲೆಯೇ ಕೂತು ಸಂಜೆಯವರೆಗೆ ಓದಿದೆ. ಅರ್ಧ ಅರ್ಥವಾಗಲಿಲ್ಲ, ಆದರೂ ಓದಿದೆ. ಅವನು ಮೊದಲನೆಯ ವರ್ಷದಲ್ಲಿ ಈ ಪುಸ್ತಕವನ್ನು ಯಾರ ಸಹಾಯವೂ ಇಲ್ಲದೆ, ಎಷ್ಟು ದಿನ ಎಷ್ಟು ಸೆಳೆಖಾನೆ ಎಳೆದು ಹುಡುಕಿರಬೇಕು ಎಂದು ಆಗ ಹೊಳೆಯಿತು. ಅವನ ಕಾಲದಲ್ಲಿ ಅಲ್ಲಿ ನಮ್ಮ ಕಡೆಯ ಅಣ್ಣ ಯಾರೂ ಇರಲಿಲ್ಲ. ಊರಲ್ಲಿ ಅವನನ್ನು ಕನ್ನಡದವನು ಎಂದರು, ಅಲ್ಲಿ ಆಂಧ್ರದವನು ಎಂದರು. ಲೈಬ್ರರಿ ಕಾರ್ಡಿನಲ್ಲಿ ಮಾತ್ರ ಓದುಗ ಎಂದು ಬರೆದಿತ್ತು. ಅಷ್ಟು ವರ್ಷ ಅವನು ಆ ಕುರ್ಚಿ ಯಾಕೆ ಬಿಡಲಿಲ್ಲ ಎಂದು ಕೇಳುವವರಿಗೆ ಫ್ಯಾನು ಚೆನ್ನಾಗಿತ್ತು ಎಂದು ನಾನು ಹೇಳುತ್ತೇನೆ. ಫ್ಯಾನು ಚೆನ್ನಾಗಿಯೇ ಇತ್ತು.

ಪಿಎಚ್.ಡಿ. ಮುಗಿಯಲಿಲ್ಲ. ಅಪ್ಪನಿಗೆ ಲಕ್ವ ಹೊಡೆಯಿತು, ಹೊಲ ನೋಡುವವರಿಲ್ಲ, ಅವನು ಊರಿಗೆ ಹೊರಟ. ಹೊರಡುವವರು ನೋ ಡ್ಯೂಸ್ ಸರ್ಟಿಫಿಕೇಟು ಪಡೆಯಬೇಕು. ಅವನ ಟಿಕೆಟ್ಟಿನ ಮೇಲೆ ಒಂದು ಪುಸ್ತಕ ಬಾಕಿ ಇತ್ತು. ಬೀಚಿಯದು. ನನ್ನ ಟ್ರಂಕಿನ ತಳದಲ್ಲಿತ್ತು, ಎಣ್ಣೆಯ ವೃತ್ತದ ಸಮೇತ. ನಾನು ಆ ವಾರ ಊರಲ್ಲಿರಲಿಲ್ಲ. ಬಂದ ಮೇಲೆ ಅಟೆಂಡರು ಹೇಳಿದರು: "ನಿಮ್ಮ ಅಣ್ಣ ಕಳೆದೋಯ್ತು ಅಂತ ಬರಕೊಟ್ಟು, ದುಪ್ಪಟ್ಟು ಬೆಲೆ ಕಟ್ಟಿ ಹೋದ್ರು." ಒಂದು ಪುಟದ ಅಂಚು ಮಡಚಿದವರನ್ನು ಹಾಲಿನ ತುಂಬ ಅಟ್ಟಾಡಿಸಿದ ಮನುಷ್ಯ, ತಾನು ಪುಸ್ತಕ ಕಳೆದೆ ಎಂದು ಸಹಿ ಮಾಡಿ ಹೋಗಿದ್ದ.

ವಾಪಸು ಕೊಡಬೇಕು ಎಂದು ನಾನು ಪ್ರತಿವರ್ಷ ತೀರ್ಮಾನ ಮಾಡಿದ್ದೇನೆ. ಯಾರಿಗೆ ಕೊಡಬೇಕೆಂಬ ಶಾಸ್ತ್ರಾರ್ಥದಲ್ಲಿ ತಡವಾಯಿತು. ಗ್ರಂಥಾಲಯಕ್ಕೆ ದುಡ್ಡು ಸಂದಿದೆ. ಪುಸ್ತಕ ಈಗ ಅವನದು. ಅವನ ಮುಂದೆ ಅದನ್ನು ಹಿಡಿದು ನಿಲ್ಲಲು ನನಗೆ ಮುಖವಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಗಾಜುಲದಿನ್ನೆ ಕೆರೆಯಲ್ಲಿ ನೀರು ಚೆನ್ನಾಗಿತ್ತು. ಕಾಗದಪತ್ರದಲ್ಲಿ ಅದು ಸಂಜೀವಯ್ಯ ಸಾಗರ, ನಮ್ಮ ಬಾಯಲ್ಲಿ ಇಂದಿಗೂ ಗಾಜುಲದಿನ್ನೆ. ಜೊತೆಗೆ ಈಗ ಎಂ.ಎ. ಓದುತ್ತಿರುವ ಅಕ್ಕನ ಮಗ. ಅವನಿಗೆ ಸೆಳೆಖಾನೆ ಗೊತ್ತಿಲ್ಲ. ಎಲ್ಲವೂ ಫೋನಿನಲ್ಲಿ: ಗ್ರಂಥಾಲಯದ ಓಪ್ಯಾಕ್, ಪ್ರಬಂಧಗಳಿಗೆ ಶೋಧಗಂಗಾ, 2025ರ ಜನವರಿಯಿಂದ ಒಂದು ದೇಶ ಒಂದು ಚಂದಾದಾರಿಕೆಯಲ್ಲಿ ಸುಮಾರು ಹದಿಮೂರು ಸಾವಿರ ಪತ್ರಿಕೆಗಳು. ನಾನು ಅವನಿಗೆ ಬಸ್ಸಿನುದ್ದಕ್ಕೂ ಹುಡುಕುವುದು ಹೇಗೆಂದು ವಿವರಿಸಿದೆ. ಎಮ್ಮಿಗನೂರು ದಾಟುವ ಹೊತ್ತಿಗೆ ಅವನು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿದ್ದ.

ಅಂಗಡಿಯಲ್ಲಿ ಕ್ಯಾಟಲಾಗಪ್ಪ ಹುಡುಗನ ಫೋನು ಇಸಿದುಕೊಂಡು, "ಬೀಚಿ ಅಂತ ಹೊಡಿ" ಎಂದ. ಹುಡುಗ ಹೊಡೆದ. ಫಲಿತಾಂಶ ಸೊನ್ನೆ. "ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಹೊಡಿ." ಎರಡು ಬಂದವು. ಅಂಗಡಿಯವನ ಮುಖ ಬೆಳಗಿತು. ಗಿರಾಕಿಗಳು ನಿಂತೇ ಇದ್ದರು, ಹುಡುಗನಿಗೆ ಅಡ್ಡ ಉಲ್ಲೇಖದ ಪಾಠ ಶುರುವಾಯಿತು. ನಾನು 632ರ ರ್‍ಯಾಕಿನಿಂದ ಔಷಧಿ ತಂದು ಮೇಜಿನ ಮೇಲಿಟ್ಟು ಅರ್ಧ ಗಂಟೆ ಕಾದೆ. ಬಾಡಿಗೆಗೆ ಕೊಡುವ ಸ್ಪ್ರೇ ಪಂಪಿಗೂ ಅವನು ವಾಪಸಿನ ದಿನಾಂಕದ ಚೀಟಿ ಅಂಟಿಸುತ್ತಾನೆ, ತಡವಾದರೆ ದಿನಕ್ಕೆ ಇಷ್ಟು ದಂಡ. ಅದನ್ನೂ ಒಂದು ತೆಗೆದುಕೊಂಡೆ.

ಬರೆದುಕೊಳ್ಳಲು ನನ್ನ ಖಾತೆಯ ಹಾಳೆ ತೆಗೆದ. ಯೂರಿಯಾ, ಡಿಎಪಿ, ಹೋದ ವರ್ಷದ ಬೀಜ. ಅವೆಲ್ಲಕ್ಕಿಂತ ಮೇಲೆ, ಮೊದಲನೆಯ ಸಾಲಿನಲ್ಲಿ, "ಹಿಂದಿನ ಪುಟದಿಂದ" ಎಂಬ ಅಕ್ಷರಗಳ ಪಕ್ಕದಲ್ಲಿ, ದುಡ್ಡಿನ ಕಾಲಮ್ಮು ಖಾಲಿ ಬಿಟ್ಟು ಬರೆದಿತ್ತು: 894.8147, ಪ್ರತಿ 1.

"ಅಣ್ಣಾ, ಅದು ಮನೆಯಲ್ಲೇ ಇದೆ. ಮುಂದಿನ ಸಲ ತಪ್ಪದೇ..."

ಅವನು ತಲೆ ಎತ್ತಲಿಲ್ಲ. ಡ್ರಾದಿಂದ ಸೀಲು ತೆಗೆದು, ತಾರೀಖಿನ ಹಲ್ಲುಗಳನ್ನು ತಿರುಗಿಸಿ, ಇಂಕ್ ಪ್ಯಾಡಿಗೆ ಒತ್ತಿ ಹಿಡಿದುಕೊಂಡ.

"ರಿನ್ಯೂ ಮಾಡ್ಲೇನು?"